ಒಂದೇ ಗ್ರಾನೈಟ್, ಮೂರು ಅಕ್ಷರ: ಐ, ಎಸ್, ಎ ಗೊಂದಲಕ್ಕೆ ಉತ್ತರ

ಪ್ರಶ್ನೆ: ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿ. ಪ್ರಾಜೆಕ್ಟಿಗೆ ತಂದ ಗ್ರಾನೈಟ್ ಮಾದರಿಯೊಂದರ ವಿಶ್ಲೇಷಣೆ ಹೀಗಿದೆ. ಶೇಕಡಾ ಲೆಕ್ಕದಲ್ಲಿ ಸಿಲಿಕಾ 75.4, ಅಲ್ಯುಮಿನಾ 13.3, ಕ್ಯಾಲ್ಸಿಯಂ ಆಕ್ಸೈಡ್ 0.7, ಸೋಡಿಯಂ ಆಕ್ಸೈಡ್ 3.6, ಪೊಟ್ಯಾಸಿಯಂ ಆಕ್ಸೈಡ್ 4.7, ಫಾಸ್ಫರಸ್ ಪೆಂಟಾಕ್ಸೈಡ್ 0.03. ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು ಪಾಲು) ಲೆಕ್ಕದಲ್ಲಿ ರುಬಿಡಿಯಂ 310, ಸ್ಟ್ರಾನ್ಷಿಯಂ 45, ಜಿರ್ಕೋನಿಯಂ 90, ನಯೋಬಿಯಂ 18, ಸೀರಿಯಂ 45, ಯಿಟ್ರಿಯಂ 48, ಗ್ಯಾಲಿಯಂ 19. ವಯಸ್ಸು ಸುಮಾರು 40 ಕೋಟಿ ವರ್ಷ, ಆರಂಭಿಕ ಸ್ಟ್ರಾನ್ಷಿಯಂ ಅನುಪಾತ (ಕಲ್ಲು ಹುಟ್ಟಿದಾಗ ಸ್ಟ್ರಾನ್ಷಿಯಂ-87ಕ್ಕೂ ಸ್ಟ್ರಾನ್ಷಿಯಂ-86ಕ್ಕೂ ಇದ್ದ ಅನುಪಾತ) 0.7068. ಅಲ್ಯುಮಿನಾ ಎಷ್ಟು ಮಿಕ್ಕಿದೆ ಎಂದು ತೋರಿಸುವ ಎ/ಸಿಎನ್‌ಕೆ ಅನುಪಾತ 1.08 ಬಂತು, ಕಲ್ಲಿನಲ್ಲಿ ಸ್ವಲ್ಪ ಮಸ್ಕೋವೈಟ್ ಮತ್ತು ಗಾರ್ನೆಟ್ ಇವೆ. ಹಾಗಾಗಿ ಎಸ್-ಟೈಪ್, ಅಂದರೆ ಪದರಶಿಲೆ ಕರಗಿ ಹುಟ್ಟಿದ್ದು, ಎಂದು ಬರೆದೆ. ಗ್ಯಾಲಿಯಂ-ಅಲ್ಯುಮಿನಿಯಂ ನಕ್ಷೆಯಲ್ಲಿ ಅದೇ ಮಾದರಿ ಎ-ಟೈಪ್ ಜಾಗಕ್ಕೆ ಹೋಗಿ ಕೂತಿತು. ನಮ್ಮ ಮಾರ್ಗದರ್ಶಕರು ಸ್ಟ್ರಾನ್ಷಿಯಂ ಅನುಪಾತ ತೋರಿಸಿ ಇದು ಐ-ಟೈಪ್, ಅಂದರೆ ಅಗ್ನಿಶಿಲೆ ಕರಗಿ ಹುಟ್ಟಿದ್ದು, ಎನ್ನುತ್ತಾರೆ. ಒಂದೇ ಕಲ್ಲು ಮೂರೂ ಆಗುವುದು ಹೇಗೆ ಸರ್? ಇಷ್ಟಕ್ಕೂ ಬೇರೆ ಬೇರೆ ಗ್ರಾನೈಟುಗಳು ಎಲ್ಲಿಂದ ಹುಟ್ಟುತ್ತವೆ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಾರ್ಗದರ್ಶಕರ ತೀರ್ಮಾನವೇ ಸರಿ ಇರಬೇಕು. ಆದರೆ ಅವರು ಕೊಟ್ಟ ಕಾರಣ ನನಗೆ ಒಪ್ಪಿಗೆಯಿಲ್ಲ. ಆ 0.7068 ಎಂಬ ಅಂಕಿಯ ಮೇಲೆ ನಾನಾದರೆ ಏನನ್ನೂ ಕಟ್ಟುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಬಾಯಿಬಿಟ್ಟು ಮಾತಾಡುತ್ತಿರುವ ಅಂಕಿ ಬೇರೆಯೇ ಇದೆ. ನೀವು ಅದನ್ನು ಆಕ್ಸೈಡುಗಳ ಕೊನೆಗೆ ಬರೆದು ಮುಂದೆ ಹೋಗಿದ್ದೀರಿ: ಫಾಸ್ಫರಸ್ 0.03. ಅಲ್ಲಿಗೆ ಬರುವ ಮುನ್ನ ಈ ಅಕ್ಷರಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದನ್ನು ನೋಡೋಣ.

ಗ್ರಾನೈಟ್ ಎಂಬ ಹೆಸರನ್ನು ನಾವು ಕೊಡುವುದು ಖನಿಜಗಳನ್ನು ಎಣಿಸಿ. ಕ್ವಾರ್ಟ್ಜ್ ಮತ್ತು ಎರಡು ಬಗೆಯ ಫೆಲ್ಡ್‌ಸ್ಪಾರುಗಳ ಮೊತ್ತದಲ್ಲಿ ಕ್ವಾರ್ಟ್ಜ್ 20ರಿಂದ 60 ಶೇಕಡಾ ಇರಬೇಕು. ಫೆಲ್ಡ್‌ಸ್ಪಾರುಗಳ ಪೈಕಿ ಕ್ಷಾರ ಫೆಲ್ಡ್‌ಸ್ಪಾರ್ 35ರಿಂದ 90 ಶೇಕಡಾ ಇರಬೇಕು. ಅಷ್ಟಿದ್ದರೆ ಅದು ಗ್ರಾನೈಟ್. ಕಲ್ಲಿನ ವ್ಯಾಪಾರದ ‘ಕಪ್ಪು ಗ್ರಾನೈಟ್’ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ, ಅದು ಬಹುಮಟ್ಟಿಗೆ ಡಾಲರೈಟ್ ಇಲ್ಲವೇ ಗ್ಯಾಬ್ರೊ. ಹೀಗೆ ಎಣಿಸಿ ಕೊಟ್ಟ ಹೆಸರಿನಲ್ಲಿ ಊಹೆಯ ಪಾಲು ಇಲ್ಲ. ಯಾರು ಎಣಿಸಿದರೂ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೆ. ಐ, ಎಸ್, ಎ ಹಾಗಲ್ಲ. ಅವು ಕಲ್ಲಿನ ಹೆಸರಲ್ಲ, ಆ ಕಲ್ಲಿನ ತಾಯಿ ಯಾರಿರಬಹುದು ಎಂಬ ನಮ್ಮ ಊಹೆ. ಕಣ್ಣಿಗೆ ಕಾಣುವುದು ಮಗಳು. ತಾಯಿ ಇಪ್ಪತ್ತು, ಮೂವತ್ತು ಕಿಲೋಮೀಟರ್ ಆಳದಲ್ಲಿ ಕರಗಿ ಹೋಗಿಯಾಗಿದೆ.

ಈ ಊಹೆಗೆ ಅಡಿಪಾಯ ಹಾಕಿದವರು ಬ್ರೂಸ್ ಚಾಪೆಲ್ ಮತ್ತು ಅಲನ್ ವೈಟ್. ಆಗ್ನೇಯ ಆಸ್ಟ್ರೇಲಿಯಾದ ಲ್ಯಾಕ್‌ಲನ್ ಪಟ್ಟಿಯಲ್ಲಿ ನೂರಾರು ಗ್ರಾನೈಟ್ ಪ್ಲೂಟಾನುಗಳಿವೆ, ಅಂದರೆ ನೆಲದಾಳದಲ್ಲೇ ತಣಿದು ಗಟ್ಟಿಯಾದ ಶಿಲಾಪಾಕದ ದೊಡ್ಡ ಗಡ್ಡೆಗಳಿವೆ. ಅಲ್ಲಿ ಓಡಾಡಿ ಕಲ್ಲು ಒಡೆದು 1974ರಲ್ಲಿ ಕೆಲವೇ ಪುಟಗಳ ಒಂದು ಬರಹ ಪ್ರಕಟಿಸಿದರು. ಅವರಿಗೆ ಕಂಡದ್ದು ಇಷ್ಟು: ಒಂದು ಗುಂಪಿನಲ್ಲಿ ಹಾರ್ನ್‌ಬ್ಲೆಂಡ್, ಟೈಟನೈಟ್, ಮ್ಯಾಗ್ನೆಟೈಟ್, ಇನ್ನೊಂದರಲ್ಲಿ ಕಾರ್ಡಿಯರೈಟ್, ಮಸ್ಕೋವೈಟ್, ಗಾರ್ನೆಟ್, ಇಲ್ಮೆನೈಟ್. ಮೊದಲ ಗುಂಪಿನಲ್ಲಿ ಸೋಡಿಯಂ ಹೆಚ್ಚು, ಎರಡನೆಯದರಲ್ಲಿ ಕಡಿಮೆ. ಪೊಟ್ಯಾಸಿಯಂ ಆಕ್ಸೈಡ್ ಸುಮಾರು 5 ಶೇಕಡಾ ಇರುವ ಕಲ್ಲುಗಳಲ್ಲಿ ಸೋಡಿಯಂ ಆಕ್ಸೈಡ್ 3.2ರ ಮೇಲಿದ್ದರೆ ಮೊದಲ ಗುಂಪು, ಕೆಳಗಿದ್ದರೆ ಎರಡನೆಯದು. ಎ/ಸಿಎನ್‌ಕೆ 1.1ರ ಆಚೆಗಿದ್ದರೆ ಎರಡನೆಯದು, ಈಚೆಗಿದ್ದರೆ ಮೊದಲನೆಯದು. ಮೊದಲ ಗುಂಪು ಅಗ್ನಿಶಿಲೆ ಕರಗಿ ಹುಟ್ಟಿದ್ದು, ಅದಕ್ಕೆ ಐ. ಎರಡನೆಯದು ಪದರಶಿಲೆ ಕರಗಿ ಹುಟ್ಟಿದ್ದು, ಅದಕ್ಕೆ ಎಸ್. ಎರಡೂ ಇಗ್ನಿಯಸ್, ಸೆಡಿಮೆಂಟರಿ ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರಗಳು, ಅಷ್ಟೆ.

ಇಲ್ಲಿ ಸೋಡಿಯಂ ಯಾಕೆ ಮುಖ್ಯ? ಈ ವಿಷಯದ ಸೊಗಸೆಲ್ಲ ಇರುವುದು ಇದರಲ್ಲೇ, ಆದ್ದರಿಂದ ತುಸು ನಿಂತು ಹೇಳುತ್ತೇನೆ. ಅಗ್ನಿಶಿಲೆ ಮಳೆಗಾಳಿಗೆ ತೆರೆದುಕೊಂಡರೆ ಬೇಗ ಕೊಳೆಯುವ ಖನಿಜಗಳಲ್ಲಿ ಪ್ಲೇಜಿಯೋಕ್ಲೇಸ್ ಫೆಲ್ಡ್‌ಸ್ಪಾರ್ ಒಂದು. ಅದರೊಳಗಿನ ಸೋಡಿಯಂ ಮತ್ತು ಕ್ಯಾಲ್ಸಿಯಂ ನೀರಿನ ಜೊತೆ ಹೊರಟುಬಿಡುತ್ತವೆ. ಸೋಡಿಯಂ ಸಮುದ್ರದ ಉಪ್ಪಾಗುತ್ತದೆ, ಕ್ಯಾಲ್ಸಿಯಂ ಸುಣ್ಣಕಲ್ಲಾಗುತ್ತದೆ. ಅಲ್ಯುಮಿನಿಯಂ ಮಾತ್ರ ನೀರಿಗೆ ಕರಗದ ಜೀವ; ಅದು ಜೇಡಿಯಾಗಿ ಉಳಿಯುತ್ತದೆ. ಪೊಟ್ಯಾಸಿಯಂ ಮತ್ತು ರುಬಿಡಿಯಂ ಜೇಡಿಯ ಪದರಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಕ್ಯಾಲ್ಸಿಯಂನ ಬೆನ್ನುಹತ್ತಿ ಹೋಗುವ ಸ್ಟ್ರಾನ್ಷಿಯಂ ಕಳೆದುಹೋಗುತ್ತದೆ. ಹೀಗೆ ಒಮ್ಮೆ ಭೂಮಿಯ ಮೇಲ್ಮೈಗೆ ಬಂದು ಜೇಡಿಯಾಗಿ, ಮತ್ತೆ ಆಳಕ್ಕೆ ಹೂತುಹೋಗಿ, ಬಿಸಿ ಮತ್ತು ಒತ್ತಡಕ್ಕೆ ಬದಲಾದ ಶಿಸ್ಟ್ ಎಂಬ ಕಲ್ಲಾಗಿ, ಕೊನೆಗೆ ಕರಗಿದ ಕಲ್ಲಿನಲ್ಲಿ ಅಲ್ಯುಮಿನಾ ಮಿಕ್ಕುತ್ತದೆ, ಸೋಡಿಯಂ ಕೊರೆಬೀಳುತ್ತದೆ. ಎಸ್-ಟೈಪ್ ಗ್ರಾನೈಟ್ ಎಂದರೆ ಒಂದು ಕಾಲದಲ್ಲಿ ಮಳೆಯಲ್ಲಿ ನೆನೆದ ಕಲ್ಲಿನ ಮಗಳು. ಆ ನೆನೆದ ಗುರುತು ಎಂಟುನೂರು ಡಿಗ್ರಿಯಲ್ಲಿ ಕರಗಿದರೂ ಅಳಿಯುವುದಿಲ್ಲ. ನೂಲಿನಂತೆ ಸೀರೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಆಮ್ಲಜನಕದ ಐಸೊಟೋಪುಗಳೂ, ಅಂದರೆ ಅದೇ ಧಾತುವಿನ ತೂಕ ಬೇರೆಯಾದ ರೂಪಗಳೂ, ಅದೇ ಕತೆ ಹೇಳುತ್ತವೆ. ಮೇಲ್ಮೈಯ ತಣ್ಣನೆಯ ನೀರಿನಲ್ಲಿ ಜೇಡಿ ಹುಟ್ಟುವಾಗ ಭಾರದ ಆಮ್ಲಜನಕ, ಅಂದರೆ ಆಮ್ಲಜನಕ-18, ಜೇಡಿಯ ಕಡೆಗೆ ಹೆಚ್ಚು ವಾಲುತ್ತದೆ. ಸಾವಿರ ಡಿಗ್ರಿಯ ಶಿಲಾಪಾಕದಲ್ಲಿ ಇಂಥ ವಾಲು ಬಹಳ ಕಡಿಮೆ. ಭೂಮಿಯ ತೊಗಟೆಯ ಕೆಳಗಿರುವ ಮ್ಯಾಂಟಲ್‌ನಿಂದ ಬಂದ ಪಾಕದಲ್ಲಿ ಬೆಳೆದ ಜಿರ್ಕಾನ್ ಎಂಬ ಖನಿಜದಲ್ಲಿ, ಭಾರದ ಆಮ್ಲಜನಕ ಎಷ್ಟು ಹೆಚ್ಚಿದೆ ಎಂದು ಹೇಳುವ ಡೆಲ್ಟಾ-18 ಮೌಲ್ಯ ಸಾವಿರಕ್ಕೆ 5.3ರ ಆಸುಪಾಸಿನಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಅದು ಏಳೆಂಟಕ್ಕೆ ಏರಿದೆ ಎಂದರೆ, ಮೇಲ್ಮೈ ಕಂಡು ಬಂದ ವಸ್ತು ಆ ಪಾಕಕ್ಕೆ ಬೆರೆತಿದೆ ಎಂದೇ ಅರ್ಥ. ಸ್ಟ್ರಾನ್ಷಿಯಂ ಐಸೊಟೋಪ್ ಕೂಡ ಹೀಗೆಯೇ: ಜೇಡಿಯಲ್ಲಿ ರುಬಿಡಿಯಂ ಹೆಚ್ಚು, ಸ್ಟ್ರಾನ್ಷಿಯಂ ಕಡಿಮೆ, ಕೋಟ್ಯಂತರ ವರ್ಷ ಕಾದರೆ ರುಬಿಡಿಯಂ-87 ಕ್ಷಯಿಸಿ ಸ್ಟ್ರಾನ್ಷಿಯಂ-87 ಕೂಡುತ್ತಾ ಹೋಗುತ್ತದೆ. ಲ್ಯಾಕ್‌ಲನ್‌ನ ಐ-ಟೈಪುಗಳಲ್ಲಿ ಆರಂಭಿಕ ಅನುಪಾತ ಸುಮಾರು 0.704ರಿಂದ 0.712, ಎಸ್-ಟೈಪುಗಳಲ್ಲಿ 0.708ರಿಂದ ಮೇಲಕ್ಕೆ. ಎರಡೂ ಒಂದರ ಮೇಲೊಂದು ಹಾಯುವುದನ್ನು ಗಮನಿಸಿ. ಹಿಮಾಲಯದ ಮನಾಸ್ಲು ಥರದ ಬಿಳಿ ಗ್ರಾನೈಟುಗಳಲ್ಲಿ ಈ ಅನುಪಾತ 0.74ನ್ನೂ ದಾಟುತ್ತದೆ. ಅವು ಹಳೆಯ ಪದರಶಿಲೆಗಳ ಮಕ್ಕಳು ಎನ್ನುವುದಕ್ಕೆ ಅಲ್ಲಿ ತಕರಾರು ಕಡಿಮೆ.

ಕರಗುವುದು ಹೇಗೆ ಎಂಬುದಕ್ಕೆ ಬರೋಣ. ನೆಲದಾಳದಲ್ಲಿ ಬಿಡಿ ನೀರು ಬಹಳ ಇರುವುದಿಲ್ಲ. ಇರುವ ನೀರೆಲ್ಲ ಕಾಗೆಬಂಗಾರದೊಳಗೆ, ಹಾರ್ನ್‌ಬ್ಲೆಂಡಿನೊಳಗೆ ಬಂಧಿಯಾಗಿರುತ್ತದೆ. ಬಿಸಿ ಏರಿದಂತೆ ಮೊದಲು ಮಸ್ಕೋವೈಟ್ ಒಡೆಯುತ್ತದೆ, ಸರಿಸುಮಾರು 700ರಿಂದ 750 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಯೋಟೈಟ್ ಒಡೆಯಲು 800, 850 ಬೇಕು. ಹಾರ್ನ್‌ಬ್ಲೆಂಡಿಗೆ ಅದಕ್ಕಿಂತ ಹೆಚ್ಚು. ಒಡೆದ ಖನಿಜ ಬಿಟ್ಟುಕೊಟ್ಟ ನೀರು ಸುತ್ತಲಿನ ಕ್ವಾರ್ಟ್ಜ್, ಫೆಲ್ಡ್‌ಸ್ಪಾರುಗಳನ್ನು ಕರಗಿಸುತ್ತದೆ. ಹಿಂದೆ ಗಾರ್ನೆಟ್, ಪೈರಾಕ್ಸೀನ್, ಕಾರ್ಡಿಯರೈಟ್ ಉಳಿಯುತ್ತವೆ. ಏನು ಉಳಿಯಿತು ಎಂಬುದರ ಗುರುತೂ ಪಾಕದ ಮೇಲೆ ಬೀಳುತ್ತದೆ. ಪ್ಲೇಜಿಯೋಕ್ಲೇಸ್ ಹಿಂದೆ ಉಳಿದರೆ ಅದು ಸ್ಟ್ರಾನ್ಷಿಯಂ ಮತ್ತು ಯುರೋಪಿಯಂಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೇಲೆ ಬಂದ ಗ್ರಾನೈಟಿನಲ್ಲಿ ಯುರೋಪಿಯಂ ಜಾಗದಲ್ಲಿ ಹಳ್ಳ ಬೀಳುತ್ತದೆ. ಗಾರ್ನೆಟ್ ಹಿಂದೆ ಉಳಿದರೆ ಯಿಟ್ರಿಯಂ ಮತ್ತು ಭಾರದ ವಿರಳ ಭಸ್ಮ ಧಾತುಗಳು ಅದರ ಹೊಟ್ಟೆಗೆ. 250 ಕೋಟಿ ವರ್ಷಕ್ಕೂ ಹಿಂದಿನ ಆರ್ಕಿಯನ್ ಯುಗದ, ಗ್ರಾನೈಟಿನ ಹತ್ತಿರದ ನೆಂಟರಾದ ಟೋನಲೈಟ್-ಟ್ರಾಂಜಮೈಟ್ ಕಲ್ಲುಗಳಲ್ಲಿ ಸ್ಟ್ರಾನ್ಷಿಯಂ ಹೆಚ್ಚು, ಯಿಟ್ರಿಯಂ ಕಡಿಮೆ. ಬಸಾಲ್ಟ್ ಥರದ ಕಲ್ಲು, ಗಾರ್ನೆಟ್ ಉಳಿಯುವಷ್ಟು ಆಳದಲ್ಲಿ ಕರಗಿದೆ ಎನ್ನುವುದು ಅದರಿಂದಲೇ ತಿಳಿಯುವುದು. ಆ ಕಲ್ಲುಗಳು ಸೋಡಿಯಂ ಪ್ರಧಾನ. ನಿಮ್ಮ ಪ್ರಶ್ನೆಗೆ ಅವು ಬೇಡ, ಬಿಡೋಣ. ಸಾಗರದ ತೊಗಟೆಯಲ್ಲಿ ಬಸಾಲ್ಟಿನ ಪಾಕ ಕೊನೆಯವರೆಗೂ ಹರಳುಗಟ್ಟಿ ಉಳಿಯುವ ಪ್ಲೇಜಿಯೋಗ್ರಾನೈಟೂ ಅಷ್ಟೇ. ಒಮಾನ್ ಮತ್ತು ಸೈಪ್ರಸ್‌ನ ಓಫಿಯೊಲೈಟುಗಳಲ್ಲಿ, ಅಂದರೆ ನೆಲದ ಮೇಲೆ ಬಂದು ಕೂತ ಸಾಗರ ತೊಗಟೆಯ ತುಂಡುಗಳಲ್ಲಿ, ಅದು ಸಿಗುತ್ತದೆ. ಪೊಟ್ಯಾಸಿಯಂ ಬಲು ಕಡಿಮೆ ಇರುವುದರಿಂದ 4.7 ಇರುವ ನಿಮ್ಮ ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಎ-ಟೈಪ್. 1979ರಲ್ಲಿ ಲೊಯ್ಸೆಲ್ ಮತ್ತು ವೋನ್ಸ್ ಎಂಬಿಬ್ಬರು ಸಮ್ಮೇಳನವೊಂದರ ಸಾರಾಂಶದಲ್ಲಿ ಇಟ್ಟ ಹೆಸರು ಇದು. ಪೂರ್ಣ ಲೇಖನವೇ ಇಲ್ಲದ ಒಂದು ಸಾರಾಂಶ ಇಷ್ಟು ದಶಕ ಜಗಳ ಹುಟ್ಟಿಸಿದ್ದು ನಮ್ಮ ಶಾಸ್ತ್ರದಲ್ಲಿ ಅಪರೂಪ. ಐ ಮತ್ತು ಎಸ್ ತಾಯಿಯನ್ನು ಹೇಳುತ್ತವೆ. ಎ ಅಕ್ಷರವೋ, ಪರ್ವತಜನನದ ಹಂಗಿಲ್ಲದ್ದು, ಕ್ಷಾರೀಯ, ನೀರು ಕಡಿಮೆಯದ್ದು ಎಂಬ, ಇಂಗ್ಲಿಷಿನಲ್ಲಿ ಎ ಅಕ್ಷರದಿಂದಲೇ ಶುರುವಾಗುವ, ಮೂರು ಗುಣಗಳಿಗೆ ಒಟ್ಟಿಗೆ ನಿಂತಿದೆ. ಅಂದರೆ ಒಂದೇ ಸಾಲಿನಲ್ಲಿ ಕೂರಿಸಬಾರದ್ದನ್ನು ಕೂರಿಸಿದ್ದೇವೆ: ಇಬ್ಬರನ್ನು ತಾಯಿಯ ಹೆಸರಿನಿಂದ ಕರೆದು, ಮೂರನೆಯವನನ್ನು ಅವನ ಸ್ವಭಾವದಿಂದ ಕರೆದ ಹಾಗೆ. ನಿಮ್ಮ ಗೊಂದಲದ ಅರ್ಧ ಇಲ್ಲೇ ಹುಟ್ಟಿದೆ.

ಆದರೂ ಎ-ಟೈಪ್ ಎಂಬ ಗುಂಪು ಸುಳ್ಳಲ್ಲ. ಫಿನ್ಲೆಂಡಿನ ವೀಬೋರ್ಗ್ ರಾಪಾಕಿವಿ ಗ್ರಾನೈಟನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮೊಟ್ಟೆಯಾಕಾರದ ದೊಡ್ಡ ದೊಡ್ಡ ಕ್ಷಾರ ಫೆಲ್ಡ್‌ಸ್ಪಾರುಗಳು, ಅವುಗಳ ಸುತ್ತ ಪ್ಲೇಜಿಯೋಕ್ಲೇಸಿನ ಅಂಚು. ವಯಸ್ಸು ಸುಮಾರು 163ರಿಂದ 165 ಕೋಟಿ ವರ್ಷ. ಫಿನ್ನಿಷ್ ಭಾಷೆಯಲ್ಲಿ ರಾಪಾಕಿವಿ ಎಂದರೆ ಪುಡಿಪುಡಿಯಾಗುವ ಕಲ್ಲು. ಅಮೆರಿಕದ ಕೊಲೊರಾಡೊದಲ್ಲಿರುವ ಪೈಕ್ಸ್ ಪೀಕ್ ಗ್ರಾನೈಟ್, ಸುಮಾರು 108 ಕೋಟಿ ವರ್ಷದ್ದು, ಇದೇ ಬಳಗ. ಇಂಥ ಕಲ್ಲುಗಳಲ್ಲಿ ಮೆಗ್ನೀಸಿಯಂಗೆ ಹೋಲಿಸಿದರೆ ಕಬ್ಬಿಣ ಬಹಳ ಹೆಚ್ಚು, ಫ್ಲೋರಿನ್ ಹೆಚ್ಚು, ಜಿರ್ಕೋನಿಯಂ, ನಯೋಬಿಯಂ, ಸೀರಿಯಂ, ಯಿಟ್ರಿಯಂ ಎಲ್ಲ ಹೆಚ್ಚು. ಕೆಲವದರಲ್ಲಿ ಕಬ್ಬಿಣ ತುಂಬಿದ ಫಯಲೈಟ್ ಖನಿಜ, ಕೆಲವದರಲ್ಲಿ ಸೋಡಿಯಂ ತುಂಬಿದ ರೀಬೆಕೈಟ್, ಆರ್ಫ್‌ವೆಡ್‌ಸನೈಟ್ ಖನಿಜಗಳು. ಪಾಕ ಬಹಳ ಬಿಸಿಯಾಗಿತ್ತು ಎನ್ನುವುದು ಇವುಗಳ ಮುಖ್ಯ ಗುರುತು. ಹುಟ್ಟು ಮಾತ್ರ ಒಂದೇ ದಾರಿಯಿಂದಲ್ಲ. ಮ್ಯಾಂಟಲ್‌ನ ಬಸಾಲ್ಟ್ ಪಾಕವೇ ಹರಳುಗಟ್ಟುತ್ತಾ ಹೋಗಿ ಕೊನೆಗೆ ಎ-ಟೈಪ್ ಆಗಬಹುದು. ಹಳೆಯ ಟೋನಲೈಟ್, ಗ್ರಾನೊಡಯೊರೈಟ್ ತೊಗಟೆ ಕಡಿಮೆ ಒತ್ತಡದಲ್ಲಿ, ಹೆಚ್ಚು ಬಿಸಿಯಲ್ಲಿ ಕರಗಿದರೂ ಆಗಬಹುದು. ಎರಡೂ ಬೆರೆಯಬಹುದು. ಬೇರೆ ಬೇರೆ ತಾಯಂದಿರ ಮಕ್ಕಳು ಒಂದೇ ಸ್ವಭಾವದವರಾಗುವುದು ಲೋಕದಲ್ಲಿ ಉಂಟಷ್ಟೆ.

ಈಗ ನಿಮ್ಮ ಕಲ್ಲು. ಅದರ ಸಿಲಿಕಾ 75.4. ಈ ಒಂದು ಅಂಕಿ ಕಂಡ ಕೂಡಲೇ ನನಗೆ ಎಚ್ಚರ ಬರುತ್ತದೆ. 1958ರಲ್ಲಿ ಟಟಲ್ ಮತ್ತು ಬೋವೆನ್ ಪ್ರಯೋಗಾಲಯದಲ್ಲಿ ಕ್ವಾರ್ಟ್ಜ್, ಆಲ್ಬೈಟ್, ಆರ್ಥೊಕ್ಲೇಸುಗಳನ್ನು ನೀರಿನೊಂದಿಗೆ ಒತ್ತಡದಲ್ಲಿ ಕರಗಿಸಿ ತೋರಿಸಿದರು: ಮೂರೂ ಸರಿಸುಮಾರು ಸಮಪಾಲು ಇರುವ ಜಾಗದ ಹತ್ತಿರವೇ ಕರಗುವ ತಾಪಮಾನ ಎಲ್ಲಕ್ಕಿಂತ ಕಡಿಮೆ. ಪ್ರಕೃತಿಯ ಗ್ರಾನೈಟುಗಳನ್ನು ಅದೇ ತ್ರಿಕೋನದಲ್ಲಿ ಗುರುತಿಸಿದಾಗ ಅವೂ ಅಲ್ಲೇ ಗುಂಪುಗೂಡಿದವು. ಗ್ರಾನೈಟ್ ಶಿಲಾಪಾಕದಿಂದ ಹುಟ್ಟಿತೋ, ಘನರೂಪದಲ್ಲೇ ಕಲ್ಲು ಬದಲಾಗಿ ಹುಟ್ಟಿತೋ ಎಂದು ಅಲ್ಲಿಯವರೆಗೆ ನಡೆದ ದೊಡ್ಡ ಜಗಳ ತಣ್ಣಗಾದದ್ದು ಬಹುಮಟ್ಟಿಗೆ ಇದರಿಂದ. ನಮಗೆ ಬೇಕಾದ ಸಂಗತಿ ಇದರ ಇನ್ನೊಂದು ಮುಖ. ತಾಯಿ ಯಾರೇ ಆಗಿರಲಿ, ಪಾಕ ಹರಳುಗಳನ್ನು ಕಳಚುತ್ತಾ ಕಳಚುತ್ತಾ ಹೋದರೆ ಕೊನೆಗೆ ಬಂದು ಸೇರುವುದು ಅದೇ ಮೂಲೆಗೆ. ಸಿಲಿಕಾ 65 ಇರುವಾಗ ಐ ಮತ್ತು ಎಸ್‌ಗಳನ್ನು ಹತ್ತು ಮಾರು ದೂರದಿಂದ ಗುರುತಿಸಬಹುದು. 75 ದಾಟಿದ ಮೇಲೆ ಎಲ್ಲರ ಮುಖವೂ ಒಂದೇ. ನಿಮ್ಮ ಕಲ್ಲು ದಾರಿಯ ಕೊನೆಗೆ ಬಂದದ್ದು. ರುಬಿಡಿಯಂ 310, ಸ್ಟ್ರಾನ್ಷಿಯಂ 45 ಎಂಬ ಅಂಕಿಗಳೇ ಅದನ್ನು ಸಾರುತ್ತವೆ: ಫೆಲ್ಡ್‌ಸ್ಪಾರ್ ಕಳಚಿ ಕಳಚಿ ಸ್ಟ್ರಾನ್ಷಿಯಂ ಬರಿದಾಗಿದೆ, ಯಾವ ಹರಳಿಗೂ ಅಷ್ಟಾಗಿ ಬೇಡವಾದ ರುಬಿಡಿಯಂ ಮಿಕ್ಕ ಪಾಕದಲ್ಲಿ ತುಂಬಿಕೊಂಡಿದೆ.

ಎ/ಸಿಎನ್‌ಕೆ 1.08 ಅನ್ನು ಎತ್ತಿಕೊಳ್ಳಿ. ಅಲ್ಯುಮಿನಾದ ಮೋಲ್ ಸಂಖ್ಯೆಯನ್ನು ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ ಆಕ್ಸೈಡುಗಳ ಮೋಲ್ ಮೊತ್ತದಿಂದ ಭಾಗಿಸಿದ ಅನುಪಾತವಿದು. ಫೆಲ್ಡ್‌ಸ್ಪಾರುಗಳಲ್ಲಿ ಅದು ಕರಾರುವಾಕ್ಕಾಗಿ 1. ಅದಕ್ಕಿಂತ ಹೆಚ್ಚಿದ್ದರೆ ಫೆಲ್ಡ್‌ಸ್ಪಾರಿಗೆ ಬೇಕಾದುದಕ್ಕಿಂತ ಅಲ್ಯುಮಿನಾ ಮಿಕ್ಕಿದೆ ಎಂದರ್ಥ. ನೀವು 1 ದಾಟಿತೆಂದು ಎಸ್ ಬರೆದಿರಿ. ಆದರೆ ಚಾಪೆಲ್ ಮತ್ತು ವೈಟ್ ಗೆರೆ ಎಳೆದದ್ದು 1.1ರಲ್ಲಿ. ಅದೂ ಹೋಗಲಿ. ಪಾಕದಿಂದ ಹಾರ್ನ್‌ಬ್ಲೆಂಡ್ ಹರಳುಗಟ್ಟಿ ಹೊರಬೀಳುತ್ತಿದ್ದರೆ ಉಳಿದ ಪಾಕದ ಅನುಪಾತ ಮೆಲ್ಲಗೆ 1 ದಾಟುತ್ತದೆ, ಏಕೆಂದರೆ ಹಾರ್ನ್‌ಬ್ಲೆಂಡಿನ ಸ್ವಂತ ಅನುಪಾತ 1ಕ್ಕಿಂತ ಬಹಳ ಕಡಿಮೆ. ಹಾಗಾಗಿ ದಾರಿಯ ಕೊನೆಯ ಐ-ಟೈಪುಗಳು 1.05, 1.08 ತೋರಿಸುವುದು ಮಾಮೂಲು. ಇನ್ನೊಂದು ಅಪಾಯವೂ ಇದೆ. ನಿಮ್ಮದೇ ಅಂಕಿಗಳಲ್ಲಿ ಸೋಡಿಯಂ ಆಕ್ಸೈಡನ್ನು 3.6ರಿಂದ 3.3ಕ್ಕೆ ಇಳಿಸಿ ಲೆಕ್ಕ ಹಾಕಿ ನೋಡಿದೆ: 1.08 ಇದ್ದದ್ದು 1.13 ಆಗುತ್ತದೆ. ಫೆಲ್ಡ್‌ಸ್ಪಾರ್ ಸ್ವಲ್ಪ ಕೊಳೆತು ಸೋಡಿಯಂ 0.3 ತೊಳೆದುಹೋದರೆ ಸಾಕು, ಐ ಎಸ್ ಆಗಿಬಿಡುತ್ತದೆ! ಮೇಲ್ಮೈಯಿಂದ ಒಡೆದು ತಂದ ಮಾದರಿಯಲ್ಲಿ ಇಷ್ಟು ಕಳೆದುಹೋಗುವುದು ದೊಡ್ಡ ಮಾತಲ್ಲ.

ಮಸ್ಕೋವೈಟ್ ಕಂಡ ತಕ್ಷಣ ಎಸ್ ಎನ್ನುವುದು ನಾವೆಲ್ಲ ವಿದ್ಯಾರ್ಥಿಗಳಾಗಿದ್ದಾಗ ಮಾಡಿದ ತಪ್ಪೇ. ಬೆಳ್ಳಗಿರುವುದೆಲ್ಲ ಹಾಲಲ್ಲ. ತೆಳುಚೂರನ್ನು ಸೂಕ್ಷ್ಮದರ್ಶಕದಲ್ಲಿ ಮತ್ತೊಮ್ಮೆ ಇಟ್ಟು ನೋಡಿ: ಮಸ್ಕೋವೈಟ್ ದೊಡ್ಡದಾಗಿ, ಅಂಚು ಚೂಪಾಗಿ, ಬಯೋಟೈಟಿನ ಗಾತ್ರಕ್ಕೆ ಸಮನಾಗಿ ನಿಂತಿದೆಯೇ, ಅಥವಾ ಪ್ಲೇಜಿಯೋಕ್ಲೇಸಿನ ಒಳಗೆ ಪುಡಿಪುಡಿಯಾಗಿ ಹರಡಿದೆಯೇ? ಎರಡನೆಯದಾದರೆ ಅದು ಬಿಸಿನೀರು ಆಮೇಲೆ ಮಾಡಿದ ಕೆಲಸ. ತಾಯಿಯ ಬಗ್ಗೆ ಅದಕ್ಕೇನೂ ಗೊತ್ತಿಲ್ಲ. ಗಾರ್ನೆಟನ್ನು ಮೈಕ್ರೊಪ್ರೋಬಿಗೆ, ಅಂದರೆ ಒಂದೊಂದು ಹರಳಿನ ರಸಾಯನ ಅಳೆಯುವ ಯಂತ್ರಕ್ಕೆ, ಕೊಡಿ. ಮ್ಯಾಂಗನೀಸ್ ತುಂಬಿದ ಸ್ಪೆಸರ್ಟೀನ್ ಬಂದರೆ ಅದು ಕೊನೆಗಾಲದ ಪಾಕದಲ್ಲಿ ಹುಟ್ಟಿದ್ದು. ಪಾಕದ ಕೊನೆಯ ಪಾಲಿನಿಂದ ಹುಟ್ಟುವ ಎಷ್ಟೋ ಐ-ಟೈಪ್ ಆಪ್ಲೈಟುಗಳಲ್ಲಿ (ಸಣ್ಣ ಹರಳಿನವು), ಪೆಗ್ಮಟೈಟುಗಳಲ್ಲಿ (ದೊಡ್ಡ ಹರಳಿನವು) ಅದು ಕೆಂಪು ಚುಕ್ಕೆಯಾಗಿ ಕಾಣುತ್ತದೆ. ಅಲ್ಯುಮಿನಿಯಂ ತುಂಬಿದ ಕಾರ್ಡಿಯರೈಟ್ ಅಥವಾ ಸಿಲಿಮನೈಟ್ ಸಿಕ್ಕಿದ್ದರೆ ನಾನು ಬೇರೆ ಮಾತಾಡುತ್ತಿದ್ದೆ.

ಗ್ಯಾಲಿಯಂ ನಕ್ಷೆ ನಿಮ್ಮನ್ನು ದಾರಿ ತಪ್ಪಿಸಿದ್ದೂ ಪಾಕ ಹರಳು ಕಳಚುತ್ತಾ ದಾರಿಯ ಕೊನೆಗೆ ಬಂದ ಕಾರಣಕ್ಕೇ. ಗ್ಯಾಲಿಯಂ ಅಲ್ಯುಮಿನಿಯಂನ ನೆರಳು ಇದ್ದ ಹಾಗೆ, ಹೋದಲ್ಲೆಲ್ಲ ಹಿಂದೆ ಹೋಗುತ್ತದೆ. ಆದರೆ ಪ್ಲೇಜಿಯೋಕ್ಲೇಸಿನೊಳಗೆ ಹೋಗುವಾಗ ಮಾತ್ರ ಸ್ವಲ್ಪ ಹಿಂಜರಿಯುತ್ತದೆ. ಪ್ಲೇಜಿಯೋಕ್ಲೇಸ್ ಕಳಚಿದಷ್ಟೂ ಉಳಿದ ಪಾಕದಲ್ಲಿ ಅದರ ಪಾಲು ಏರುತ್ತದೆ. ಗ್ಯಾಲಿಯಂ-ಅಲ್ಯುಮಿನಿಯಂ ಅನುಪಾತವನ್ನು ಹತ್ತುಸಾವಿರದಿಂದ ಗುಣಿಸಿದಾಗ 2.6ರ ಮೇಲಿದ್ದರೆ ಎ-ಟೈಪ್ ಎಂದು 1987ರಲ್ಲಿ ವೇಲನ್ ಮತ್ತು ಸಂಗಡಿಗರು ಗೆರೆ ಹಾಕಿದರು. ನಿಮ್ಮದು 2.7. ಗೆರೆ ದಾಟಿದ್ದು ಕೂದಲೆಳೆಯಷ್ಟು. ಆದರೆ ಅದೇ ನಕ್ಷೆಗಳ ಜೊತೆ ಇನ್ನೊಂದು ಷರತ್ತಿದೆ: ಜಿರ್ಕೋನಿಯಂ, ನಯೋಬಿಯಂ, ಸೀರಿಯಂ, ಯಿಟ್ರಿಯಂ ಕೂಡಿದರೆ 350 ಪಿಪಿಎಂ ದಾಟಬೇಕು. ನಿಮ್ಮದು 201. ಜಿರ್ಕೋನಿಯಂ 90 ಎಂಬುದರಿಂದ ಜಿರ್ಕಾನ್ ಸಂತೃಪ್ತಿಯ ತಾಪಮಾನ, ಅಂದರೆ ಅಷ್ಟು ಜಿರ್ಕೋನಿಯಂ ಕರಗಿಸಿಕೊಳ್ಳಲು ಪಾಕಕ್ಕೆ ಬೇಕಾದ ಬಿಸಿ, ಲೆಕ್ಕ ಹಾಕಿದರೆ ಸುಮಾರು 745 ಡಿಗ್ರಿ ಬರುತ್ತದೆ. ಎ-ಟೈಪ್ ಎನ್ನಲು ನಾನು 850ರ ಹತ್ತಿರವಾದರೂ ನಿರೀಕ್ಷಿಸುತ್ತೇನೆ. ಎ ಅಕ್ಷರವನ್ನು ಅಳಿಸಿಬಿಡಿ.

ಇನ್ನು ಮಾರ್ಗದರ್ಶಕರ 0.7068. ಇದನ್ನು ಅವರ ಮುಂದೆ ಮೆತ್ತಗೆ ಹೇಳಿ. ರುಬಿಡಿಯಂ-ಸ್ಟ್ರಾನ್ಷಿಯಂ ಅಂಕಿಗಳ ಪ್ರಕಾರ ನಿಮ್ಮ ಕಲ್ಲಿನಲ್ಲಿ ರುಬಿಡಿಯಂ-87ಕ್ಕೂ ಸ್ಟ್ರಾನ್ಷಿಯಂ-86ಕ್ಕೂ ಇರುವ ಅನುಪಾತ ಸುಮಾರು 20. ನಲವತ್ತು ಕೋಟಿ ವರ್ಷದಲ್ಲಿ ಇಷ್ಟು ರುಬಿಡಿಯಂ ಕೂಡಿಸುವ ಸ್ಟ್ರಾನ್ಷಿಯಂ-87ರ ಪಾಲು 0.112. ಅಂದರೆ ಯಂತ್ರ ಇಂದು ಅಳೆದದ್ದು ಸುಮಾರು 0.819, ಅದರಿಂದ 0.112 ಕಳೆದು 0.7068 ತೆಗೆದಿದ್ದೀರಿ. ರುಬಿಡಿಯಂ ಅಥವಾ ಸ್ಟ್ರಾನ್ಷಿಯಂ ಅಳತೆಯಲ್ಲಿ ಬರೀ 2 ಶೇಕಡಾ ಹೆಚ್ಚುಕಡಿಮೆಯಾದರೆ ಉತ್ತರ 0.002ರಷ್ಟು ಅಲುಗಾಡುತ್ತದೆ, ವಯಸ್ಸಿನ ತಪ್ಪು ಬೇರೆ. 0.7046ರಿಂದ 0.7090ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದಾದ ಅಂಕಿಯನ್ನು ನಾಲ್ಕು ದಶಮಾಂಶಕ್ಕೆ ಬರೆದು ಅದರಿಂದ ತಾಯಿಯ ಹೆಸರು ಹೇಳುವುದು ಧೈರ್ಯದ ಕೆಲಸ. ಸ್ಟ್ರಾನ್ಷಿಯಂ ಸಮೃದ್ಧವಾಗಿರುವ ಅಪಟೈಟ್ ಎಂಬ ಫಾಸ್ಫರಸ್ ಖನಿಜದ ಹರಳನ್ನೋ, ರುಬಿಡಿಯಂ ಕಡಿಮೆಯಿರುವ ಅಕ್ಕಪಕ್ಕದ ಕಲ್ಲನ್ನೋ ಅಳೆದಿದ್ದರೆ ಮಾತು ಬೇರೆ. ನಿಯೋಡಿಮಿಯಂ ಐಸೊಟೋಪ್ ಇದಕ್ಕಿಂತ ಎಷ್ಟೋ ವಾಸಿ, ಅದರ ತಿದ್ದುಪಡಿ ಇಷ್ಟು ದೊಡ್ಡದಿರುವುದಿಲ್ಲ.

ಹಾಗಾದರೆ ಫಾಸ್ಫರಸ್. ಸಾಮಾನ್ಯ ಗ್ರಾನೈಟ್ ಪಾಕದಲ್ಲಿ, ಎ/ಸಿಎನ್‌ಕೆ 1ರ ಆಸುಪಾಸಿದ್ದಾಗ, ಅಪಟೈಟ್ ಕರಗುವುದು ಬಹಳ ಕಡಿಮೆ. ಅದು ಬೇಗನೆ ಹರಳುಗಟ್ಟಿ ಫಾಸ್ಫರಸ್ಸನ್ನು ಹೊತ್ತುಕೊಂಡು ಹೊರಬೀಳುತ್ತದೆ. ಪಾಕ ಮುಂದೆ ಸಾಗಿದಷ್ಟೂ ಫಾಸ್ಫರಸ್ ಕುಸಿಯುತ್ತದೆ. ಅಲ್ಯುಮಿನಾ ಧಾರಾಳವಾಗಿರುವ ಎಸ್-ಟೈಪ್ ಪಾಕದಲ್ಲಿ ಕತೆ ತಿರುಗಾಮುರುಗಾ. ಮಿಕ್ಕ ಅಲ್ಯುಮಿನಿಯಂ ಫಾಸ್ಫರಸ್ಸಿನ ಕೈಹಿಡಿದು ಪಾಕದಲ್ಲೇ ಉಳಿಸಿಕೊಳ್ಳುತ್ತದೆ. ಅಂಥ ಪಾಕ ಸಾಗಿದಷ್ಟೂ ಫಾಸ್ಫರಸ್ ಏರುತ್ತದೆ, ಕ್ಷಾರ ಫೆಲ್ಡ್‌ಸ್ಪಾರಿನೊಳಗೂ ಹೊಕ್ಕು ಕೂರುತ್ತದೆ. ನಿಮ್ಮ ಕಲ್ಲು ಎಸ್ ಆಗಿದ್ದರೆ, ಇಷ್ಟು ದೂರ ಬಂದ ಮೇಲೆ, ಫಾಸ್ಫರಸ್ 0.1ರ ಮೇಲೆ ಇರಬೇಕಿತ್ತು. ಇರುವುದು 0.03. ಇನ್ನೊಂದು ಸಾಕ್ಷಿ ಯಿಟ್ರಿಯಂ: ಎಸ್-ಟೈಪ್ ಪಾಕದಲ್ಲಿ ಮೊನಜೈಟ್ ಎಂಬ ಇನ್ನೊಂದು ಫಾಸ್ಫೇಟ್ ಖನಿಜ ಬೇಗ ಹರಳುಗಟ್ಟುವುದರಿಂದ ಥೋರಿಯಂ ಮತ್ತು ಹಗುರ ವಿರಳ ಭಸ್ಮ ಧಾತುಗಳು ಇಳಿಯುತ್ತವೆ, ಯಿಟ್ರಿಯಂ ಕೂಡ ಇಳಿಮುಖವೇ. ಐ-ಟೈಪಿನಲ್ಲಿ ಥೋರಿಯಂ, ಯಿಟ್ರಿಯಂ ಎರಡೂ ಏರುತ್ತವೆ. ನಿಮ್ಮ ಯಿಟ್ರಿಯಂ 48. ಥೋರಿಯಂ ಅಳೆದಿದ್ದರೆ ಅದನ್ನೂ ನೋಡಿ. ಸೋಡಿಯಂ 3.6 ಸಹ 3.2ರ ಮೇಲಿದೆ, ಆದರೆ ದಾರಿಯ ಕೊನೆಯಲ್ಲಿ ಆ ಸಾಕ್ಷಿಗೆ ಅಷ್ಟು ತೂಕವಿಲ್ಲ. ಫಾಸ್ಫರಸ್ಸಿನ ಗುಣವೇನೆಂದರೆ, ಉಳಿದ ಅಂಕಿಗಳೆಲ್ಲ ಒಂದೆಡೆ ಬಂದು ಸೇರುವ ಜಾಗದಲ್ಲೂ ಅದು ಐ ಮತ್ತು ಎಸ್‌ಗಳನ್ನು ದೂರ ದೂರ ಒಯ್ಯುತ್ತದೆ.

ಆದ್ದರಿಂದ ಬಹಳ ದೂರ ಸಾಗಿದ, ಅಂದರೆ ಫ್ರಾಕ್ಷನೇಟೆಡ್ ಐ-ಟೈಪ್ ಎಂದು ಬರೆಯಿರಿ. ಜೊತೆಗೊಂದು ಎಚ್ಚರ. ಐ ಎಂದ ಮಾತ್ರಕ್ಕೆ ತಾಯಿ ಶುದ್ಧ ಅಗ್ನಿಶಿಲೆ ಎಂದಲ್ಲ. 2007ರಲ್ಲಿ ಟೋನಿ ಕೆಂಪ್ ಮತ್ತು ಸಂಗಡಿಗರು ಲ್ಯಾಕ್‌ಲನ್‌ನ ಐ-ಟೈಪ್ ಗ್ರಾನೈಟುಗಳ ಜಿರ್ಕಾನ್ ಹರಳುಗಳಲ್ಲಿ ಹಾಫ್ನಿಯಂ ಮತ್ತು ಆಮ್ಲಜನಕದ ಐಸೊಟೋಪುಗಳನ್ನು ಅಳೆದರು. ಒಂದೇ ಕಲ್ಲಿನೊಳಗೆ ಮ್ಯಾಂಟಲ್ ಕಡೆಯ ಗುರುತೂ ಪದರಶಿಲೆಯ ಗುರುತೂ ಸಿಕ್ಕವು. ಅಂದರೆ ಅಕ್ಷರಗಳು ಹುಟ್ಟಿದ ಊರಿನಲ್ಲೇ ಐ ಎನ್ನುವುದು ಮಿಶ್ರಣ ಎಂದಾಯಿತು. ಚಾಪೆಲ್ ಮಾತ್ರ, ಪ್ಲೂಟಾನಿನೊಳಗಿನ ವೈವಿಧ್ಯಕ್ಕೆಲ್ಲ ಕರಗದೆ ಉಳಿದ ಮೂಲಶಿಲೆಯ ಕಣಗಳು ಪಾಕದಿಂದ ಬೇರ್ಪಡುವುದೇ ಮುಖ್ಯ ಕಾರಣ ಎಂಬ ವಾದವನ್ನು ಕೈಬಿಡಲಿಲ್ಲ. ನನ್ನ ಒಲವು ಮಿಶ್ರಣದ ಕಡೆಗೆ. ಆದರೂ ಅವರ ಸರಳ ವಿಂಗಡಣೆ ಇಲ್ಲದಿದ್ದರೆ ಇಷ್ಟೆಲ್ಲ ಅಳೆಯುವ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಇದೇ ಎಚ್ಚರ ರುಬಿಡಿಯಂ ಮತ್ತು ಯಿಟ್ರಿಯಂ-ನಯೋಬಿಯಂ ಮೊತ್ತದ ನಕ್ಷೆಗೂ ಬೇಕು. 1984ರಲ್ಲಿ ಪಿಯರ್ಸ್, ಹ್ಯಾರಿಸ್, ಟಿಂಡಲ್ ಮಾಡಿದ ಆ ನಕ್ಷೆಯಿಂದ ಭೂಫಲಕಗಳ ಇತಿಹಾಸವನ್ನೇ ಓದಿಬಿಡುವ ಚಪಲ ಎಲ್ಲರಿಗೂ ಇದೆ. ದಾರಿ ಸಾಗಿದಂತೆ ರುಬಿಡಿಯಂ ಏರುವುದರಿಂದ ನಿಮ್ಮಂಥ ಮಾದರಿ ಮೇಲಕ್ಕೆ, ಖಂಡಗಳ ಡಿಕ್ಕಿಯ ವಲಯದ ಕಡೆಗೆ ತಾನಾಗಿಯೇ ಜಾರುತ್ತದೆ. ಡಿಕ್ಕಿ ಆಗಿರಲೇಬೇಕೆಂದಿಲ್ಲ. ಆ ಅಧ್ಯಾಯವನ್ನು ಈ ಒಂದು ಮಾದರಿಯಿಂದ ಬರೆಯಬೇಡಿ.

ಕ್ಷೇತ್ರಕ್ಕೆ ಇನ್ನೊಮ್ಮೆ ಹೋಗಲು ಅವಕಾಶವಿದ್ದರೆ ಬಿಳಿ, ಚೆಂದದ ಕಲ್ಲನ್ನು ಬಿಟ್ಟು ಅದೇ ಪ್ಲೂಟಾನಿನ ಅತಿ ಕಪ್ಪಾದ ಭಾಗವನ್ನು ಹುಡುಕಿ. ಸಿಲಿಕಾ 65, 68 ಇರುವ ಅಕ್ಕತಂಗಿಯರು ಅಲ್ಲೆಲ್ಲೋ ಇರುತ್ತಾರೆ, ತಾಯಿಯ ಹೋಲಿಕೆ ಅವರ ಮುಖದಲ್ಲಿ ಇನ್ನೂ ಅಳಿಸಿರುವುದಿಲ್ಲ. ಕಲ್ಲಿನೊಳಗೆ ಸಿಕ್ಕಿಕೊಂಡ ತುಣುಕುಗಳನ್ನು ನೋಡಿ: ಸಣ್ಣ ಹರಳಿನ ಕಪ್ಪು ಅಗ್ನಿಶಿಲೆಯ ತುಣುಕುಗಳೋ, ಕಾಗೆಬಂಗಾರ ತುಂಬಿದ ಶಿಸ್ಟಿನ ತುಣುಕುಗಳೋ? ಮ್ಯಾಗ್ನೆಟಿಕ್ ಸಸೆಪ್ಟಿಬಿಲಿಟಿ, ಅಂದರೆ ಕಲ್ಲು ಅಯಸ್ಕಾಂತಕ್ಕೆ ಎಷ್ಟು ಸ್ಪಂದಿಸುತ್ತದೆ ಎಂದು, ಅಳೆಯುವ ಕೈಯಳತೆಯ ಮೀಟರ್ ಸಿಕ್ಕರೆ ಒಯ್ಯಿರಿ. ಶುನ್ಸೊ ಇಶಿಹಾರಾ 1977ರಲ್ಲಿ ಜಪಾನಿನ ಗ್ರಾನೈಟುಗಳನ್ನು ಮ್ಯಾಗ್ನೆಟೈಟ್ ಸರಣಿ, ಇಲ್ಮೆನೈಟ್ ಸರಣಿ ಎಂದು ವಿಂಗಡಿಸಿದ್ದು ಈ ಅಯಸ್ಕಾಂತೀಯ ಗುಣವನ್ನೇ ಹಿಡಿದು. ಇಂಗಾಲ ತುಂಬಿದ ಪದರಶಿಲೆಯ ಸಂಪರ್ಕಕ್ಕೆ ಬಂದ ಪಾಕದಲ್ಲಿ ಆಮ್ಲಜನಕದ ಒತ್ತಡ ಕುಗ್ಗಿ ಮ್ಯಾಗ್ನೆಟೈಟ್ ಹುಟ್ಟುವುದಿಲ್ಲ. ತವರ, ಟಂಗ್‌ಸ್ಟನ್ ಹುಡುಕುವವರು ಇಲ್ಮೆನೈಟ್ ಸರಣಿಯ ಹಿಂದೆ, ತಾಮ್ರ, ಮಾಲಿಬ್ಡಿನಂ ಹುಡುಕುವವರು ಮ್ಯಾಗ್ನೆಟೈಟ್ ಸರಣಿಯ ಹಿಂದೆ ಹೋಗುವುದು ಇದರಿಂದಲೇ. ಆದರೆ ಈ ವಿಂಗಡಣೆಯನ್ನು ಐ ಮತ್ತು ಎಸ್‌ಗೆ ಸಮ ಎಂದುಕೊಳ್ಳಬೇಡಿ, ಇಲ್ಮೆನೈಟ್ ಸರಣಿಯ ಐ-ಟೈಪುಗಳು ಬೇಕಾದಷ್ಟಿವೆ.

ಮತ್ತೆ ಆ ಕಪ್ಪು ಭಾಗದ ತೆಳುಚೂರಿನಲ್ಲಿ ಹಸಿರು ಹಾರ್ನ್‌ಬ್ಲೆಂಡ್ ಕಂಡರೆ ವಾದ ಅಲ್ಲಿಗೆ ಮುಗಿಯಿತು. ಕಾರ್ಡಿಯರೈಟ್ ಕಂಡರೆ ಸೋತವರು ನಾನು ಮತ್ತು ನಿಮ್ಮ ಮಾರ್ಗದರ್ಶಕರು. ಹಾಗೇನಾದರೂ ಆದರೆ ಆ ತೆಳುಚೂರಿನ ಫೋಟೊ ನನಗೂ ಒಂದು ಕಳಿಸಿ.